ಯುಗಾದಿ ಬಿಸಿಲಲ್ಲಿ ಸ್ವೆಟರ್ ತೊಟ್ಟ ಕೂಸು

ನಮ್ಮ ಸಗರದಲ್ಲಿ ಬಿಸಿಲಿಗೆ ಹೆದರದ ಜನ ಕೆನಾಲಿನ ಗಾಳಿಗೆ ಹೆದರುತ್ತಿದ್ದರು. ಕೃಷ್ಣೆಯ ನೀರು ಹೊಲಕ್ಕೆ ಬಂದು ಜೋಳದ ಜಾಗದಲ್ಲಿ ಭತ್ತ ನಿಂತ ಮೇಲೆ ಊರಿಗೆ ಅನ್ನದ ಜೊತೆ ಸೊಳ್ಳೆಯೂ ಬಂತು, ಸೊಳ್ಳೆಯ ಜೊತೆ ಥಂಡಿಯ ಮಾತೂ ಬಂತು. ನಾನು ಮೊದಲ ಹೆರಿಗೆಗೆ ತವರಿಗೆ ಬಂದಿದ್ದೆ. ಕೂಸಿಗೆ ತಿಂಗಳು ತುಂಬುವ ಹೊತ್ತಿಗೆ ಯುಗಾದಿ ದಾಟಿತ್ತು, ಅಂಗಳದ ಪರಸಿಗಲ್ಲಿನ ಮೇಲೆ ಬರಿಗಾಲು ಇಡಲು ಆಗುತ್ತಿರಲಿಲ್ಲ. ಅಂಥ ಬಿಸಿಲಲ್ಲಿ ಅವ್ವ ಕೂಸನ್ನು ಮಲಗಿಸಲು ಸಜ್ಜು ಮಾಡುವುದನ್ನು ನೋಡಬೇಕಿತ್ತು.

ಮೊದಲು ಅಂಗಿ, ಅದರ ಮೇಲೆ ಉಲ್ಲನ್ ಸ್ವೆಟರ್, ಕಾಲಿಗೆ ಸಾಕ್ಸು. ತಲೆಯಿಂದ ಬೆನ್ನಿಗೆ ಇಳಿಬಿದ್ದ, ಗೋಟು ಹಚ್ಚಿದ ಕುಂಚಿಗೆ. ಕೊನೆಗೆ ಕೌದಿಯಲ್ಲಿ ಸುತ್ತಿ ತೊಟ್ಟಿಲಿಗೆ. ಹೊರಗೆ ಕಾಣುತ್ತಿದ್ದುದು ಮೂಗೊಂದೇ, ಅದೂ ಅವ್ವನ ದೊಡ್ಡ ಮನಸ್ಸು.

ಕೂಸು ಅಳುತ್ತಿತ್ತು. ಅಳದೆ ಏನು ಮಾಡೀತು? ಕುತ್ತಿಗೆಯ ಸಂದಿಯಲ್ಲೆಲ್ಲ ಬೆವರುಸಾಲೆ, ಎತ್ತಿಕೊಂಡರೆ ಬೆನ್ನು ತೊಯ್ದು ತೊಪ್ಪೆ. ಆದರೆ ಅವ್ವನ ಪ್ರಕಾರ ಕೂಸು ಅಳುವುದು ಥಂಡಿಗೆ, ಇಲ್ಲವೇ ದೃಷ್ಟಿಗೆ. ಥಂಡಿಗೆ ಕೌದಿಯನ್ನು ಇನ್ನಷ್ಟು ಬಿಗಿಯುವಳು. ದೃಷ್ಟಿಗೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವಳು. ದೃಷ್ಟಿ ಆಗಿದ್ದರೆ ಮೆಣಸಿನಕಾಯಿಯ ಘಾಟು ಏಳುವುದಿಲ್ಲ ಎಂಬುದು ಊರಿನ ಶಾಸ್ತ್ರ. ಮನೆ ತುಂಬ ಘಾಟು ಎದ್ದು, ಇಬ್ಬರೂ ಕೆಮ್ಮುತ್ತ ಕಣ್ಣು ಒರೆಸಿಕೊಳ್ಳುತ್ತಿರುವಾಗಲೇ ಅವ್ವ, "ನೋಡು, ಒಂಚೂರೂ ಘಾಟ ಬರಲಿಲ್ಲ," ಎನ್ನುತ್ತಿದ್ದಳು.

"ಯವ್ವಾ, ಕೂಸು ಕುದಿಯಾಕತ್ತಾದ. ಸ್ವೆಟರ್ ಆದ್ರೂ ತಗಿ," ಎಂದು ಒಮ್ಮೆ ರೇಗಿದೆ.

"ತಗದು? ನಿಮ್ಮತ್ತಿ ಬಂದು ನೋಡಿದ್ರ ಏನಂದಾಳು? ತವರಮನ್ಯಾಗ ಕೂಸಿಗೆ ಮೈತುಂಬ ಬಟ್ಟಿ ಇದ್ದಿಲ್ಲ ಅಂತ ಮುದನಾಳ ತುಂಬ ಸಾರ್ಯಾಳು."

ಅಂದರೆ ಕೂಸು ಬಟ್ಟೆ ತೊಟ್ಟದ್ದು ಹವೆಗಲ್ಲ, ಮುದನಾಳದಲ್ಲಿ ತಮ್ಮ ಪಾಡಿಗೆ ತಾವಿದ್ದ ನನ್ನ ಅತ್ತೆಗೆ! ಹೆತ್ತವಳು ನಾನು, ಬೆವರುವುದು ಕೂಸು, ಮರ್ಯಾದೆ ಮಾತ್ರ ಅವ್ವನದು. ನನ್ನ ಮಗನ ಅಂಗಿಯ ಗುಂಡಿ ಬಿಚ್ಚಲು ನನಗೇ ಅಪ್ಪಣೆ ಇಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಒಂದು ದಿನ ಅವ್ವ ಬಟ್ಟೆ ಒಗೆಯಲು ಕೆನಾಲಿಗೆ ಹೋದಳು. ಅವಳ ಬೆನ್ನು ಮರೆಯಾಗುತ್ತಲೇ ನಾನು ಎಲ್ಲವನ್ನೂ ಬಿಚ್ಚಿದೆ. ಒದ್ದೆ ಅರಿವೆಯಿಂದ ಮೈ ಒರೆಸಿ, ಅಪ್ಪನ ಹಳೆಯ ಧೋತರದ ತುಂಡೊಂದನ್ನು ಸೊಂಟಕ್ಕೆ ಸಡಿಲವಾಗಿ ಸುತ್ತಿ, ಸೊಳ್ಳೆ ಬಾರದಂತೆ ತೊಟ್ಟಿಲ ಮೇಲೆ ತೆಳ್ಳನೆಯ ಸೀರೆ ಇಳಿಬಿಟ್ಟೆ. ಕೂಸು ಕೈಕಾಲು ಚಾಚಿ ನಿದ್ದೆಹೋಯಿತು. ಅದರ ಕಾಲ್ಬೆರಳುಗಳನ್ನು ನಾನು ಮನಸಾರೆ ನೋಡಿದ್ದೇ ಆಗ. ಸಂತೋಷಕ್ಕೆ ಅಳು ಬಂತು.

ತಲೆ ಎತ್ತಿದರೆ ಬಾಗಿಲಲ್ಲಿ ಅತ್ತೆ! ಅಮಾವಾಸ್ಯೆಗೆ ಬರುತ್ತೇನೆಂದವರು ಹೇಳದೆ ಕೇಳದೆ ಅಂದೇ ಬಂದಿದ್ದರು. ಚೀಲ ಇಳಿಸಿ, ಸೀರೆ ಸರಿಸಿ, ಬರಿಮೈಯ ಮೊಮ್ಮಗನನ್ನು ನೋಡುತ್ತ ನಿಂತರು. ಅಷ್ಟರಲ್ಲಿ ಹಸಿ ಬಟ್ಟೆಯ ಬುಟ್ಟಿ ಹೊತ್ತು ಅವ್ವನೂ ಒಳಗೆ ಬಂದಳು. ತೊಟ್ಟಿಲು ನೋಡಿದಳು, ಬೀಗತಿಯನ್ನು ನೋಡಿದಳು, ಬುಟ್ಟಿಯನ್ನು ಅಲ್ಲೇ ಬಿಟ್ಟು ಸ್ವೆಟರಿಗೆ ಕೈ ಹಾಕಿದಳು.

ಅತ್ತೆ ಅವಳ ಕೈ ಹಿಡಿದರು. "ಬ್ಯಾಡ್ರೀ ಅಕ್ಕಾರ. ಎಷ್ಟ ಚಂದ ಮಲಗ್ಯಾದ ನೋಡ್ರಿ. ಇಂಥಾ ಬಿಸಲಾಗ ಉಲ್ಲನ್ ಯಾಕ್ರೀ?" ಎಂದು ಸೆರಗಿನಿಂದ ಕೂಸಿಗೆ ಗಾಳಿ ಹಾಕಿದರು. ಆಮೇಲೆ ನಾಚುತ್ತ ಚೀಲ ಬಿಚ್ಚಿದರು. "ನಾನೂ ಒಂದು ಸ್ವೆಟರ್ ತಂದೀನ್ರಿ. ತರಲಿಲ್ಲಂದ್ರ ನೀವೇನ ಅಂತೀರೋ ಅಂತ ಅಂಜಿಕಿ."

ಅವ್ವ ಕೈಯಲ್ಲಿದ್ದ ಸ್ವೆಟರನ್ನು ಬೆನ್ನ ಹಿಂದೆ ಸರಿಸಿದಳು. ಆಮೇಲೆ ನನ್ನ ಕಡೆ ಬೆರಳು ಮಾಡಿದಳು. "ನಾನೂ ಅದನ್ನೇ ಹೇಳ್ಕೋತ ಬಂದೀನ್ರಿ, ಕೂಸಿಗೆ ಸೆಕಿ ಆಗ್ತದ ಅಂತ. ಈಕಿ ಕೇಳಬೇಕಲ್ರಿ!"

ಇಬ್ಬರೂ ನನ್ನನ್ನು ಕನಿಕರದಿಂದ ನೋಡಿದರು. ನನ್ನ ನಾಲಿಗೆಯ ತುದಿಗೆ ಬಂದ ಮಾತನ್ನು ಮೆಲ್ಲಗೆ ಆಡುವ ಹಾಗಿರಲಿಲ್ಲ. ಕೂಸು ಮಲಗಿತ್ತು. ನುಂಗಿಕೊಂಡೆ.