ಸೂತಕದಲ್ಲಿ ಬರೆಸಿದ ಹೇಳಿಕೆ

ತಮ್ಮ ತೀರಿಕೊಂಡ ಹದಿನೈದನೆಯ ದಿನ ಅವನ ಗಾಡಿ ಬಿಡಿಸಿಕೊಂಡು ಬರಲು ನಾನು ಇಂಡಿಯಿಂದ ಬಸ್ಸು ಹತ್ತಿದೆ. ಆ ಮೋಟಾರ್‌ಸೈಕಲ್ಲು ಬಸವನ ಬಾಗೇವಾಡಿಯ ಪೊಲೀಸ್ ಠಾಣೆಯ ಹಿಂದಿನ ಬಯಲಿನಲ್ಲಿ, ಜಾಲಿಗಿಡದ ಕೆಳಗೆ, ಬೇರೆ ಮುರಿದ ಗಾಡಿಗಳ ನಡುವೆ ಒರಗಿಕೊಂಡಿತ್ತು. ಹಿಂದಿನ ಗಾಲಿ ಸೊಟ್ಟಗಾಗಿ ಸರಪಳಿಯ ಮೇಲೆ ಬಂದು ಕೂತಿತ್ತು. ಕೆಂಪು ದೀಪದ ಜಾಗದಲ್ಲಿ ಬರೀ ವೈರು. ಮುಂದಿನ ಭಾಗಕ್ಕೆ ಏನೂ ಆಗಿರಲಿಲ್ಲ. ಹೆಡ್‌ಲೈಟಿನ ಗಾಜಿನ ಮೇಲೆ ಅವನ ಮಗಳು ಅಂಟಿಸಿದ್ದ ಚಿಟ್ಟೆಯ ಚಿತ್ರ ಹಾಗೆಯೇ ಇತ್ತು.

ನಾನು ಓದಿದ್ದು ಹತ್ತನೆಯ ತನಕ. ಲಿಂಬೆ ತೋಟ ನೋಡಿಕೊಂಡು ಇದ್ದವನು. ಕಾನೂನು ನನಗೆ ಗೊತ್ತಿಲ್ಲ. ಆದರೆ ಎದುರಿಗೆ ಹೋಗಿ ಡಿಕ್ಕಿ ಹೊಡೆದ ಗಾಡಿಯ ಗಾಜು ಉಳಿಯುವುದಿಲ್ಲ ಎಂಬುದು ಗೊತ್ತಿದೆ. ಬಗ್ಗಿ ನೋಡಿದೆ. ಸೈಡ್ ಸ್ಟ್ಯಾಂಡ್ ಇಳಿಸಿದ್ದು ಇಳಿಸಿದಂತೆಯೇ ಪಕ್ಕಕ್ಕೆ ಬಾಗಿ ಬಿಗಿದುಕೊಂಡಿತ್ತು. ಎತ್ತಲು ನೋಡಿದೆ, ಏಳಲಿಲ್ಲ. ಓಡುವ ಗಾಡಿಯ ಸ್ಟ್ಯಾಂಡು ಕೆಳಗೆ ಇರುವುದಿಲ್ಲ. ನನ್ನ ತಮ್ಮ ಗಾಡಿ ನಿಲ್ಲಿಸಿದ್ದ.

ನನ್ನ ಜೇಬಿನಲ್ಲಿದ್ದ ಎಫ್‌ಐಆರ್ ಪ್ರತಿ ಬೇರೆ ಹೇಳುತ್ತಿತ್ತು. ಮೃತನು ತನ್ನ ಮೋಟಾರ್‌ಸೈಕಲನ್ನು ಅತಿವೇಗ ಹಾಗೂ ನಿಷ್ಕಾಳಜಿತನದಿಂದ ನಡೆಸಿಕೊಂಡು ಹೋಗಿ, ಎದುರಿನಿಂದ ಬರುತ್ತಿದ್ದ ಮೋಟಾರ್‌ಸೈಕಲ್‌ಗೆ ಡಿಕ್ಕಿಪಡಿಸಿ, ತಾನೂ ಮರಣ ಹೊಂದಿ, ಎದುರಿನ ಸವಾರನಿಗೂ ಭಾರೀ ಗಾಯಪಡಿಸಿದ್ದು ಇರುತ್ತದೆ. ಹೀಗೆ ಬರೆಸಿದವರು ನಮ್ಮವರೇ.

ತಮ್ಮ ಇಂಗಳೇಶ್ವರದ ಶಾಲೆಯಲ್ಲಿ ಮಾಸ್ತರನಾಗಿದ್ದ. ಹೆಂಡತಿ, ಮಗಳೊಂದಿಗೆ ಬಸವನ ಬಾಗೇವಾಡಿಯಲ್ಲಿ ಮನೆ ಮಾಡಿದ್ದ. ಅದು ಶನಿವಾರ, ಮುಂಜಾನೆಯ ಶಾಲೆ. ಅಂದು ಮುದ್ದೇಬಿಹಾಳದಲ್ಲಿ ಅವನ ಹೆಂಡತಿಯ ತವರಿನವರ ಮನೆಯಲ್ಲಿ ಕೂಸಿಗೆ ಹೆಸರಿಡುವ ಕಾರ್ಯಕ್ರಮವಿತ್ತು. ಮುಂಜಾನೆ ಅವನು ಹೊರಡುವಾಗ ಆಕೆ ಗದರಿಸಿದ್ದಳು: "ಹನ್ನೆರಡಕ್ಕ ಬರಲಿಲ್ಲಾಂದ್ರ ನಾ ಒಬ್ಬಾಕಿನಽ ಹೋಗ್ತೇನಿ. ಆಮ್ಯಾಲ ತೊಟ್ಟಲಕ್ಕ ಹಾಕಿದ ಮ್ಯಾಲ ಬಂದು ಹಲ್ಲ ಕಿಸೀಬ್ಯಾಡ್ರಿ." ಹನ್ನೆರಡೂವರೆಗೆ ದಾರಿಯಲ್ಲೇ ಅವನು ಹೋದ. ಓದಿದವರಿಗೂ ಓದದವರಿಗೂ ಲೆಕ್ಕ ಸರಿಯಾಗಿ ಕೂತಿತು. ಹೆಂಡತಿ ಅವಸರ ಮಾಡಿದಳು, ಗಂಡ ಜೋರಾಗಿ ಹೊಡೆದ. ಮಾತಾಡಿಸಲು ಬಂದ ಹೆಂಗಸರು ಆಕೆಯ ಮುಂದೆಯೇ, "ಪಾಪ, ಅವಸರದಾಗ ಹೋಗಿಬಿಟ್ರು" ಎಂದು ಸೆರಗು ಕಣ್ಣಿಗೆ ಒತ್ತಿಕೊಂಡರು. ಆಕೆ ಅದನ್ನು ನಂಬಿದಳು. ಎಫ್‌ಐಆರ್ ಪ್ರತಿ ಕೈಗೆ ಬಂದ ದಿನ ಪೂರ್ತಿ ಓದಿ, ಮಡಚಿ ನನಗೆ ಕೊಟ್ಟು, "ಸರಕಾರದವ್ರೂ ಅದನ್ನಽ ಬರದಾರ ನೋಡ್ರಿ ಭಾವನವರ" ಎಂದಳು. ಆಮೇಲೆ ಇಂಡಿಯ ನಮ್ಮ ಮನೆಯಲ್ಲಿ ಆಕೆ ಮಗಳ ಜಡೆ ಹಾಕುವಾಗ ಬಾಯಿ ತೆರೆದದ್ದು ಬಿಟ್ಟರೆ ಮಾತಾಡಿದ್ದು ನೆನಪಿಲ್ಲ.

ಬರೆಸಿದವರು ನಮ್ಮವರೇ ಆದರೂ ಮನೆಯೊಳಗಿದ್ದ ನಾವು ಯಾರೂ ಆ ಹೇಳಿಕೆ ಕೊಡಲಿಲ್ಲ. ಯಾಕೆಂದರೆ ನಾವು ಸೂತಕದಲ್ಲಿದ್ದೆವು. ತಮ್ಮನಿಗೆ ಗಂಡುಮಕ್ಕಳಿಲ್ಲ, ಅಪ್ಪ ಇಲ್ಲ. ಕರ್ಮಕ್ಕೆ ಕೂತವನು ನಾನು. ಹತ್ತು ದಿನ ಹೊಲಿದ ಬಟ್ಟೆ ಹಾಕುವಂತಿಲ್ಲ, ಯಾರನ್ನೂ ಮುಟ್ಟುವಂತಿಲ್ಲ, ಹೊಸ್ತಿಲು ದಾಟುವುದು ಕ್ರಿಯೆಗೆ ಮಾತ್ರ. ಠಾಣೆಯಿಂದ ಕರೆ ಬಂದಾಗ ಅಪ್ಪನ ತಮ್ಮನಾದ ನಮ್ಮ ಕಾಕಾ ಒಂದೇ ಮಾತು ಹೇಳಿದರು: "ಸೂತಕದಾಗ ಯಾವ ಕಾಗದಕ್ಕೂ ಸಹಿ ಹಾಕಬಾರ್ದು. ಅಳಿಯಾ ಇದ್ದಾನಲ್ಲ, ಅವಗ ಮೈಲಿಗಿ ಇಲ್ಲ, ಅವನಽ ಹೋಗ್ಲಿ." ಅಳಿಯ ಅಂದರೆ ನನ್ನ ಅಕ್ಕನ ಗಂಡ, ನಮಗೆ ಮಾಮಾ. ಸಿಂದಗಿಯಲ್ಲಿರುತ್ತಾರೆ, ನೌಕರಿಯಿಂದ ನಿವೃತ್ತರಾಗಿದ್ದಾರೆ. ಊರಿನ ಜಗಳಗಳನ್ನು ರಾಜಿ ಮಾಡಿಸುವುದರಲ್ಲಿ ಹೆಸರಾದವರು. ಏನಾಯಿತೆಂದು ಕಣ್ಣಾರೆ ನೋಡಿದವರಲ್ಲ. ಹೋದರು, ಬರೆಸಿದರು, ಸಹಿ ಹಾಕಿದರು.

ಗಾಡಿ ನೋಡಿದ ದಿನ ನಾನು ಅಲ್ಲಿಂದ ನೇರವಾಗಿ ಅಪಘಾತ ಆದ ಜಾಗಕ್ಕೆ ಹೋದೆ. ಇಂಗಳೇಶ್ವರದ ರಸ್ತೆಯಲ್ಲಿ ಬೇವಿನ ಗಿಡದ ಕೆಳಗೆ ತಗಡಿನ ಚಹಾದಂಗಡಿ. ನಡೆಸುವಾಕೆ ಐವತ್ತರ ಹೆಂಗಸು. ನಾನು ಯಾರೆಂದು ಹೇಳಿದ ಕೂಡಲೇ ಸ್ಟೋವ್ ಆರಿಸಿದಳು.

"ಇಲ್ಲೇ ಎಡಕ್ಕ ಗಾಡಿ ಹಚ್ಚಿದ್ರು ಮಾಸ್ತರು. ಚಹಾ ಕುಡುದು ಗಾಡಿ ಕಡೆ ಹೋಗಿ, ಹ್ಯಾಂಡಲಕ್ಕ ಭಜಿ ಪೊಟ್ಟಣ ಸಿಗಿಸಾಕತ್ತಿದ್ರು. ಆ ಇನ್ನೊಂದ್ ಗಾಡಿ ಹುಡುಗ ಟ್ರ್ಯಾಕ್ಟರ್ ದಾಟಿಸಿ ಬಂದಾಂವ ಸಂಬಾಳಿಸಾಕ ಆಗ್ಲಾರ್ದ ಹಿಂದಿಂದ ಬಂದು ಹೊಡದಾನ್ರಿ."

"ಪೊಲೀಸರಿಗೆ ಹೇಳಲಿಲ್ಲೇನು?"

"ಯಾರ್ ಕೇಳ್ಯಾರ್ರೀ ಯಪ್ಪಾ? ಅವ್ರು ಬರೂದ್ರಾಗ ನಾ ಅಂಜಿ ಅಂಗಡಿ ಮುಚ್ಚಿ ಮನಿಗೆ ಹೋಗಿದ್ನಿ. ಮೂರ ದಿನ ಬಿಟ್ಟು ಕೇಳಿದ್ರ, ನಿಮ್ಮ ಮಂದಿನಽ ಬರದ ಕೊಟ್ಟಾರಂದ್ರು. ನಿಮ್ಮ ಮಂದಿ ಬರದ ಕೊಟ್ಟ ಮ್ಯಾಲ ನಂದೇನೈತ್ರಿ ನಡುವ?"

ಮತ್ತೆ ಠಾಣೆಗೆ ಬಂದೆ. ಅಲ್ಲಿ ಕಾಗದಪತ್ರ ನೋಡುವ ರೈಟರ್ ಒಳ್ಳೆಯ ಮನುಷ್ಯ. ಕುರ್ಚಿ ಕೊಟ್ಟ, ನೀರು ಕೊಟ್ಟ. ಆದರೆ ಹೇಳಿದ್ದನ್ನೇ ಮೂರು ಸಲ ಹೇಳಿದ.

"ಫಿರ್ಯಾದಿ ನಿಮ್ಮ ಮಂದಿನಽ ರಿ. ಆರೋಪಿ ಅಂದ್ರ ನಿಮ್ಮ ತಮ್ಮಾರು. ಆರೋಪಿ ತೀರ್ಕೊಂಡ ಮ್ಯಾಲ ಫೈಲ್ ಮುಗದಂಗ. ನಾವೇನ್ ಮನಿಯಿಂದ ಬರ್ಕೊಂಡ ಬಂದೇವೇನ್ರಿ? ಅವ್ರು ಹೇಳ್ಯಾರ, ಬರದೇವಿ, ಓದಿ ಹೇಳೇವಿ, ಸಹಿ ಹಾಕ್ಯಾರ."

"ಗಾಡಿಯ ಸ್ಟ್ಯಾಂಡ್ ನೋಡ್ರಿ ಒಂದ್ಸಲ."

"ಸ್ಟ್ಯಾಂಡ್ ನಾ ನೋಡಿ ಏನ್ ಮಾಡ್ಲಿ? ಬರಸಿದವ್ರನ್ನ ಕರ್ಕೊಂಡ ಬರ್ರಿ. ಅವ್ರು ಬ್ಯಾರೆ ಹೇಳ್ತಾರಂದ್ರ ಸಾಹೇಬ್ರಿಗೆ ಕೇಳೂಣು."

ಸತ್ತವನನ್ನು ಆರೋಪಿ ಎನ್ನುವುದನ್ನು ಅಂದೇ ಮೊದಲು ಕಿವಿಯಿಂದ ಕೇಳಿದ್ದು. ಸಿಟ್ಟು ಬಂತು. ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ತಿಳಿಯದೆ, ಗಾಡಿಯನ್ನೂ ಬಿಡಿಸಿಕೊಳ್ಳದೆ ಬಂದೆ.

ಎರಡು ದಿನ ಬಿಟ್ಟು ಸಿಂದಗಿಗೆ ಹೋದೆ. ಅಕ್ಕನ ಗಂಡ ಇಸ್ತ್ರಿ ಅಂಗಿ ಹಾಕಿಕೊಂಡು ಯಾವುದೋ ಪಂಚಾಯ್ತಿಗೆ ಹೊರಟಿದ್ದರು. ನನ್ನನ್ನು ನೋಡಿ ಕೂತರು. ಸ್ಟ್ಯಾಂಡಿನ ವಿಷಯ, ಚಹಾದಂಗಡಿಯ ವಿಷಯ ಎಲ್ಲ ಹೇಳಿದೆ. ಕೇಳಿಕೊಂಡು ಕನ್ನಡಕ ತೆಗೆದು ಒರೆಸಿದರು.

"ನಿಂತಿದ್ದ ಅಂತ ನನಗೂ ಆಮ್ಯಾಲ ಗೊತ್ತಾತು" ಎಂದರು.

"ಗೊತ್ತಾತು? ಯಾವಾಗ?"

"ದವಾಖಾನ್ಯಾಗ ಆ ಹುಡುಗನ ಅಪ್ಪ ಕಾಲ ಹಿಡ್ಕೊಂಡಾ. ತಂಗಡಗಿಯವರು, ಬಡವ್ರು. ಹುಡುಗ ಮಿಲಿಟ್ರಿಗೆ ಹೋಗಾಂವ ಇದ್ದಾನ, ಕೇಸ್ ಬಿದ್ರ ಜನ್ಮ ಹಾಳಾಗ್ತದ ಅಂದಾ. ಸತ್ತಾಂವಗ ಏನ್ ಹೊಡತ ಬೀಳ್ತದ ಹೇಳು? ಇದ್ದಾಂವ ಒಬ್ಬನರೆ ಉಳೀಲಿ ಅಂತ ಬರಸೀನಿ. ನನಗೇನ್ ಲಾಭಾ ಆತು?"

"ನಮ್ಮ ತಮ್ಮನ ಹೆಂಡತಿಗೆ ಹೊಡತ ಬಿದ್ದದ ಮಾಮಾ. ತಾನಽ ಕೊಂದೆ ಅಂತ ತಿಳ್ಕೊಂಡು ಕೂತಾಳ."

"ಹಂಗಂತ ನಾ ಈಗ ಹೋಗಿ, ಸುಳ್ಳ ಬರಸಿದ್ದೆ ಅಂತ ಹೇಳ್ಲ್ಯಾ? ಈ ವಯಸ್ಸಿನ್ಯಾಗ ನನ್ನ ಮ್ಯಾಲ ಕೇಸ್ ಮಾಡಸ್ತೀಯೇನು? ನೀವೆಲ್ಲಾ ಮೈಲಿಗಿ ಅಂತ ಬಾಗಲಾ ಹಾಕ್ಕೊಂಡು ಕೂತಾಗ ಠಾಣೆಗೆ ಹೋದಾಂವ ಯಾರು? ಹೆಣಾ ಬಿಡಿಸಿಕೊಂಡ ಬಂದಾಂವ ಯಾರು?"

ಅಡುಗೆಮನೆಯಿಂದ ಅಕ್ಕ, "ಊರ ಮಂದೀದೆಲ್ಲಾ ರಾಜಿ ಮಾಡಸ್ತಾರ, ಹೆಂಡತಿ ತವರಮನಿ ಮಾತ್ರ ಬೆಂಕಿಗೆ ಹಾಕ್ತಾರ" ಎಂದಳು.

"ನೀ ಸುಮ್ನಿರು" ಎಂದು ಆಕೆಗೆ ಗದರಿ, ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ನಿನಗೂ ಹೇಳಿದ್ನಲ್ಲೋ. ಅವತ್ತ ಸಂಜೀಕ ಪಡಸಾಲಿ ಹೊರಗ ನಿಂತು ಹೇಳಿದೆ, ಹಿಂಗ ಬರಸೀನಿ ಅಂತ. ಆಗ್ಲಿ ಅಂದಿ."

ಇದನ್ನು ಇಲ್ಲಿಯವರೆಗೆ ಬರೆಯದೆ ತಪ್ಪಿಸಿಕೊಂಡು ಬಂದೆ. ನಿಜ, ಅಂದಿದ್ದೆ. ಹುಡುಗನ ಬಗ್ಗೆ, ಅಪ್ಪನ ಬಗ್ಗೆ ಅವರು ಹೇಳಿರಲಿಲ್ಲ. "ನಮ್ಮವನಽ ಸ್ವಲ್ಪ ಜೋರ್ ಇದ್ದ ಅಂತ ಬರಸೀನಿ, ಬೇಗ ಮುಗೀತದ" ಎಂದಷ್ಟೇ ಹೇಳಿದ್ದರು. ನಾನು ನೆಲದ ಮೇಲೆ ಚಾಪೆಯಲ್ಲಿ ಕೂತಿದ್ದೆ. ನನ್ನ ತಮ್ಮ ಹದಿನೆಂಟು ವರ್ಷ ಗಾಡಿ ಹೊಡೆದವನು. ಹಿಂದೆ ಕೂತರೆ ನಿದ್ದೆ ಬರುವಷ್ಟು ನಿಧಾನ. ಅದು ನನಗೆ ಗೊತ್ತಿತ್ತು. ಏಳಬೇಕಿತ್ತು. ಕಾಕಾನ ಮಾತು ಮೀರಬೇಕಿತ್ತು. ಆದರೆ ಹತ್ತು ದಿನ ಏನೂ ಮಾಡಬೇಡ, ಯಾರನ್ನೂ ಮುಟ್ಟಬೇಡ, ಎಲ್ಲಿಗೂ ಹೋಗಬೇಡ ಎನ್ನುವುದು ಅಂದು ನನಗೆ ಅನುಕೂಲವಾಗಿಯೇ ಇತ್ತು. "ಆಗ್ಲಿ" ಎಂದೆ.

ತಂಗಡಗಿಗೂ ಹೋದೆ. ಮುದ್ದೇಬಿಹಾಳದಲ್ಲಿ ಬಸ್ಸು ಬದಲಿಸಿ ಹೋಗುವಾಗ ದಾರಿಯುದ್ದಕ್ಕೂ ಬೈಯಬೇಕಾದ ಮಾತು ಕೂಡಿಸುತ್ತಿದ್ದೆ. ಹುಡುಗ ಹೊರಸಿನ ಮೇಲೆ ಮಲಗಿದ್ದ. ತೊಡೆಯಿಂದ ಕೆಳಗೆ ಕಬ್ಬಿಣದ ರಾಡು. ಅವನನ್ನು ಇನ್ನು ಯಾವ ಮಿಲಿಟರಿಯೂ ತೆಗೆದುಕೊಳ್ಳುವುದಿಲ್ಲ ಎಂದು ನನ್ನಂಥವನಿಗೂ ಕಂಡಿತು. ಅಪ್ಪ ಕೈ ಜೋಡಿಸಿ, "ನಿಮ್ಮ ಮಾಮಾರು ಒಪ್ಪಿ ಬರಸ್ಯಾರಲ್ರೀ, ಮತ್ತ ಯಾಕ್ರೀ ಎಬ್ಬಸ್ತೀರಿ" ಎಂದ. ಹುಡುಗ ಗೋಡೆಯ ಕಡೆ ಮುಖ ಮಾಡಿದ. ಬೈಯದೆಯೇ, ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಿದೆ.

ಕೊನೆಗೆ ಉಳಿದದ್ದು ಒಂದೇ ಕೆಲಸ. ಒಂದು ಮುಂಜಾನೆ ತಮ್ಮನ ಹೆಂಡತಿಗೆ, "ಇಂಗಳೇಶ್ವರದ ದಾರಿಗೆ ಹೋಗೂಣು, ನಡೀ" ಎಂದೆ. ಬಂದಳು.

ಚಹಾದಂಗಡಿಯಾಕೆ ನನಗೆ ಹೇಳಿದ್ದನ್ನೆಲ್ಲ ಮತ್ತೆ ಹೇಳಿದಳು. ಗಾಡಿ ಎಲ್ಲಿ ಹಚ್ಚಿದ್ದ, ಹುಡುಗ ಹೇಗೆ ಬಂದ, ಎಲ್ಲ ಕೈಮಾಡಿ ತೋರಿಸಿದಳು. ತಮ್ಮನ ಹೆಂಡತಿ ತಲೆ ತಗ್ಗಿಸಿಯೇ ಕೇಳಿದಳು.

"ಅವಸರದಾಗ ಇದ್ರೇನ್ರಿ?"

"ಅವಸರಾ? ಅವ್ರಿಗೇನ್ ಅವಸರ್ರೀ ಯವ್ವಾ! ಅರ್ಧಾ ತಾಸು ಕೂತಿದ್ರು. ಪೇಪರ್ ಓದಿದ್ರು. ಒಂದ್ ಚಹಾ ಕುಡದ್ರು, ಇನ್ನೊಂದ್ ಹಾಕಬೇ ಅಂದ್ರು."

ಆಕೆ ತಲೆ ಎತ್ತಿದಳು.

"ಎರಡು?"

"ಎರಡು."

"ಸಕ್ರಿ ಹಾಕಿ?"

"ಮತ್ತ? ಸಕ್ರಿ ಮುಂದ ಇರ್ಲಿ ಅಂತಿದ್ರು ದಿನಾ."

"ದಿನಾ!"

ತಿಂಗಳಿನಿಂದ ಸತ್ತಂತಿದ್ದ ಆ ದನಿ ರಸ್ತೆಯ ಆಚೆಗೂ ಕೇಳಿಸಿರಬೇಕು. "ಶುಗರ್ ಅದ ಅಂತ ಡಾಕ್ಟರ್ ಹೇಳಿ ಎರಡ ವರ್ಷ ಆತು. ಮನ್ಯಾಗ ಸಪ್ಪನ ಚಹಾ ಕುಡದು ಋಷಿಗತೆ ಮಾರಿ ಮಾಡ್ತಿದ್ರು. ನಾ ಆ ಕಡೆ ಸೀರಿ ಉಟ್ಕೊಂಡು, ಮಗಳಿಗೆ ಹೂ ಮುಡಿಸಿ, ಬಾಗಲದಾಗ ನಿಂತು ದಾರಿ ನೋಡ್ಲಿಕತ್ತಿದ್ದೆ. ಈ ಮನಶ್ಯಾ ಇಲ್ಲಿ ಪೇಪರ್ ಓದ್ಕೋತ..." ಬೆಂಚಿನ ಮೇಲೆ ಕುಸಿದು ಅತ್ತಳು. ಸತ್ತ ದಿನವೂ ಹಾಗೆ ಅತ್ತಿರಲಿಲ್ಲ. ಚಹಾದಂಗಡಿಯಾಕೆ ಹೆದರಿ, "ಹೇಳಬಾರದಿತ್ತೇನ್ರಿ?" ಎಂದು ನನ್ನನ್ನು ಕೇಳಿದಳು.

ಅಳು ನಿಂತ ಮೇಲೆ ಆಕೆ ಕೇಳಿದ್ದು ಒಂದೇ: "ಹಂಗಾದ್ರ ಆ ಕಾಗದದಾಗ ಯಾಕ ಹಂಗ ಬರದಾರ ಭಾವನವರ?"

ಹೇಳಿದೆ. ಕಾಕಾ ಅಂದದ್ದು, ಮಾಮಾ ಬರೆಸಿದ್ದು, ಹುಡುಗನ ಅಪ್ಪನ ವಿಷಯ. ನಾನು ಆಗಲಿ ಎಂದದ್ದನ್ನೂ ಹೇಳಿದೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ನೀವು ಸೂತಕದಾಗ ಇದ್ರಿ, ಖರೆ. ನಾನೂ ಇದ್ದೆ. ಆದ್ರ ನಾ ಒಳಗಿನ ಖೋಲ್ಯಾಗಽ ಇದ್ನಲ್ಲ. ನನಗೊಂದ್ ಮಾತ್ ಕೇಳಬೇಕಿತ್ತು. ಅವರು ಜೋರ್ ಹೊಡೀತಿದ್ರೇನು ಅಂತ ನನ್ನ ಕೇಳಿದ್ರ ಹೇಳ್ತಿದ್ದೆ."

ಅದೇ ದಿನ ಇಬ್ಬರೂ ಠಾಣೆಗೆ ಹೋದೆವು. ಆಕೆ ತಾನೇ ಅರ್ಜಿ ಬರೆದು ಸಹಿ ಹಾಕಿದಳು. ನಾನು ಹೇಳಿಕೊಡಲು ಹೋದರೆ, "ನೀವು ನಿಮ್ದು ಬ್ಯಾರೆ ಬರೀರಿ" ಎಂದಳು. ಬರೆದೆ. ಆಗಲಿ ಎಂದಿದ್ದನ್ನೂ ಬರೆದೆ. ರೈಟರ್ ಎರಡನ್ನೂ ತೆಗೆದುಕೊಂಡು, ನಮ್ಮ ಪ್ರತಿಗೆ ಠಾಣೆಯ ಸಿಕ್ಕಾ ಹೊಡೆದು ಕೊಟ್ಟು, "ನೋಡೂಣ್ರಿ" ಎಂದ. ಆಮೇಲೆ ನಾಲ್ಕು ಸಲ ಹೋಗಿ ಬಂದಿದ್ದೇವೆ. ಒಮ್ಮೆ ಸಾಹೇಬರು ಬಂದೋಬಸ್ತಿಗೆ ಹೋಗಿರುತ್ತಾರೆ, ಒಮ್ಮೆ ಫೈಲು ಕೋರ್ಟಿಗೆ ಹೋಗಿರುತ್ತದೆ. ಮಾಮಾ ನಮ್ಮ ಮನೆಗೆ ಬರುವುದನ್ನು ಬಿಟ್ಟಿದ್ದಾರೆ. ಕಾಗದದಲ್ಲಿ ನನ್ನ ತಮ್ಮ ಇನ್ನೂ ಅತಿವೇಗದಲ್ಲಿ ಹೋಗುತ್ತಲೇ ಇದ್ದಾನೆ.

ಮೊನ್ನೆ ನಾವು ಠಾಣೆಯ ಬೆಂಚಿನ ಮೇಲೆ ಕೂತಿದ್ದಾಗ ಪರಿಚಯದ ಹೆಂಗಸೊಬ್ಬಳು ಎದುರಾಗಿ ನಿಂತಳು. ಹಳೆಯ ಮಾತನ್ನೇ ತೆಗೆದಳು: "ಏನ್ ಮಾಡ್ತೀರ್ರೀ ಪಾಪ, ಅವಸರದಾಗ ಹೋಗಿಬಿಟ್ರು."

"ಅವಸರ ಎಲ್ಲೀದ್ರಿ?" ಎಂದಳು ತಮ್ಮನ ಹೆಂಡತಿ. ದನಿಯಲ್ಲಿ ಸಿಟ್ಟಿತ್ತು. "ಎರಡ ಚಹಾ ಕುಡಕೋತ ಕೂತಿದ್ರು."