ಮುಧೋಳ ನಾಯಿಯ ಮಾಲೀಕ

ನಾನು ನಿವೃತ್ತಳಾಗುವುದಕ್ಕೆ ಎರಡು ವರ್ಷ ಮುಂಚೆ ತಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪಶುವೈದ್ಯಾಧಿಕಾರಿಯಾಗಿದ್ದೆ. ಊರಿನ ಹೆಸರು ಬೇಡ. ಮೂಗೂರಿಗೆ ದೂರವಿಲ್ಲ, ನಾಲೆ ನೀರಿನ ಕಬ್ಬಿನ ಸೀಮೆ ಎಂದರೆ ಸಾಕು. ಎರಡು ಕೋಣೆಯ ಆಸ್ಪತ್ರೆ, ಲಸಿಕೆ ಇಡುವ ಒಂದು ಫ್ರಿಜ್, ಬಿಸಿಲಿಗೆ ಕಾದು ಚಹಾ ಕಾಸುವಷ್ಟು ಬಿಸಿನೀರು ಕೊಡುವ ಕಪ್ಪು ಸಿಂಟೆಕ್ಸ್ ಟ್ಯಾಂಕು, ಮತ್ತು ನಾನು. ಇದ್ದೊಬ್ಬ ಅಟೆಂಡರ್ ನಿವೃತ್ತನಾಗಿ ವರ್ಷ ಕಳೆದಿತ್ತು.

ಆ ಜಾಗಕ್ಕೆ ನಾನು ಸಿದ್ದರಾಜುವಿನ ಹೆಸರು ಕಳಿಸಿದ್ದೆ. ನಲವತ್ತೊಂದು ವರ್ಷದ ಕೂಲಿಕಾರ, ಕಬ್ಬು ಕಡಿಯುವವನು. ಪ್ರಾಣಿಗಳ ವಿಷಯದಲ್ಲಿ ಅವನ ಕೈ ನನ್ನ ಕೈಗಿಂತ ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ಒದೆಯುವ ಹಸು ಅವನು ಬೆನ್ನು ಮುಟ್ಟಿದರೆ ಸುಮ್ಮನಾಗುತ್ತಿತ್ತು. ಹೊರಗುತ್ತಿಗೆ ಕೆಲಸವೇ ಆದರೂ ಅವನ ಮನೆತನದಲ್ಲಿ ತಿಂಗಳ ಸಂಬಳದ ಮೊದಲ ಕೆಲಸ ಅದು. ಕಾಗದ ಎಲ್ಲ ಮುಗಿದು ಪೊಲೀಸ್ ವೆರಿಫಿಕೇಶನ್, ಅಂದರೆ ಇವನ ಮೇಲೆ ಯಾವ ಕೇಸೂ ಇಲ್ಲ ಎಂಬ ಪತ್ರ, ಒಂದೇ ಬಾಕಿ ಇತ್ತು. ಅಷ್ಟರಲ್ಲೇ ಅವನು ಖಾಕಿ ಶರ್ಟು ಹೊಲಿಸಿಟ್ಟುಕೊಂಡು, ಗೋಡೆಯ ಬುದ್ಧನ ಪಟದ ಪಕ್ಕದ ಮೊಳೆಗೆ ನೇತುಹಾಕಿದ್ದ. ಅವನ ಹೆಂಡತಿ ನನಗೆ ಅದನ್ನು ತೋರಿಸಿ ನಕ್ಕಿದ್ದಳು.

ಇನ್ನೊಬ್ಬರು ಚಿಕ್ಕಸ್ವಾಮಿಯವರು. ಹಾಲಿನ ಡೇರಿಯ ಅಧ್ಯಕ್ಷರು, ಹನ್ನೆರಡು ಎಕರೆ ಕಬ್ಬಿನ ಒಡೆಯರು. ಅವರ ಬಳಿ ಒಂದು ಮುಧೋಳ ನಾಯಿ ಇತ್ತು. ಉದ್ದ ಕಾಲು, ಒಳಸೇರಿದ ಹೊಟ್ಟೆ, ಓಡುವುದಕ್ಕೆಂದೇ ಹುಟ್ಟಿದ ತಳಿ. ಹೆಸರು ರಾಜ. ಅದಕ್ಕೆ ಊಟ ಹಾಕುವುದು, ಮೀಸುವುದು, ನಡೆಸುವುದು ಎಲ್ಲ ಸಿದ್ದರಾಜು. ಅಧ್ಯಕ್ಷರ ಪಾಲಿಗೆ ಫೋಟೋ ತೆಗೆಸಿಕೊಳ್ಳುವುದಷ್ಟೇ.

ಕಬ್ಬು ಕಟಾವಿನಲ್ಲಿ ಆ ಕಡೆ ಒಂದು ಪದ್ಧತಿ ಇದೆ. ಗದ್ದೆಯನ್ನು ನಾಲ್ಕೂ ಸುತ್ತಿನಿಂದ ಕಡಿಯುತ್ತಾ ಬಂದು ನಡುವೆ ಒಂದು ತುಂಡು ಉಳಿಸುತ್ತಾರೆ. ಒಳಗಿದ್ದ ಜೀವವೆಲ್ಲ ಹಿಂದೆ ಸರಿಯುತ್ತಾ ಆ ತುಂಡಿನಲ್ಲಿ ಸೇರಿಕೊಳ್ಳುತ್ತದೆ. ಆಮೇಲೆ ಸುತ್ತ ನಾಯಿ ನಿಲ್ಲಿಸಿ, ಒಳಗೊಂದು ನಾಯಿ ನುಗ್ಗಿಸುತ್ತಾರೆ. ಮೊಲ, ಮುಂಗುಸಿ, ಒಮ್ಮೊಮ್ಮೆ ಕಾಡುಬೆಕ್ಕು. ಮನೆಬೆಕ್ಕಿಗಿಂತ ಎತ್ತರ, ಮೊಂಡು ಬಾಲ, ಕಿವಿಯ ತುದಿಯಲ್ಲಿ ಕರಿ ಕೂದಲು. ಕೋಳಿ ಕದಿಯುತ್ತದೆ ಎಂದು ಊರಿಗೆ ಅದರ ಮೇಲೆ ಹಗೆ. ವರ್ಷವಿಡೀ ಕಬ್ಬಿನ ಬುಡ ಕಡಿಯುವ ಇಲಿಗಳನ್ನು ಅದೇ ತಿನ್ನುತ್ತದೆ ಎಂದು ನಾನು ಎಷ್ಟು ಸಲ ಹೇಳಿದೆನೋ! ಕೊಲ್ಲುವುದು ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ ಎಂದೂ ಹೇಳಿದ್ದೆ. ಕೇಳಿ ತಲೆಯಾಡಿಸಿದವರಲ್ಲಿ ಅಧ್ಯಕ್ಷರೂ ಇದ್ದರು.

ಏಪ್ರಿಲ್‌ನ ಒಂದು ಮಧ್ಯಾಹ್ನ, ಒಂದೂವರೆ ಗಂಟೆಗೆ, ಗೂಡ್ಸ್ ಆಟೋ ಬಂದು ನಿಂತಿತು. ಸಿದ್ದರಾಜು ಎರಡು ನಾಯಿಗಳನ್ನು ಇಳಿಸಿದ. ಒಂದು ರಾಜ. ಇನ್ನೊಂದು ಅವನದೇ ಕೆಂಪಿ, ಬೀದಿಯಲ್ಲಿ ಹುಟ್ಟಿದ ಹೆಣ್ಣುನಾಯಿ. ಎರಡಕ್ಕೂ ನಾಲಿಗೆ ಇಟ್ಟಿಗೆಯ ಬಣ್ಣ, ಕಣ್ಣು ಎಲ್ಲೋ ನೆಟ್ಟಿತ್ತು. ಹಿಂದೆಯೇ ಬೈಕಿನಲ್ಲಿ ಅಧ್ಯಕ್ಷರು.

"ಏನಾಯ್ತೋ?" ಎಂದೆ.

"ಕಬ್ಬಿನೊಳ್ಗೆ ಬೆಕ್ ಎಬ್ಬಸ್ದೋ ಕಣವ್ವ. ಕೆಂಪಿ ಒಳಿಕ್ ನುಗ್ತು, ರಾಜ ಇಡ್ದ್ಬುಡ್ತು. ಆಮೇಲ್ ಎಲ್ಡೂ ಬಿದ್ದೋದೊ."

"ನೀರು ಕುಡಿಸಿದ್ದೆಯಾ?"

ಅವನು ಅಧ್ಯಕ್ಷರ ಕಡೆ ನೋಡಿ ತಲೆ ತಗ್ಗಿಸಿದ. "ಬೆಳುಗ್ಗಿಂದ ಕೊಟ್ಟಿಲ್ಲ ಕಣವ್ವ. ಒಟ್ಟೆ ತುಂಬುದ್ರೆ ಓಡಾಕಿಲ್ಲ ಅಂತ ಯಜಮಾನ್ರು ಬ್ಯಾಡ ಅಂದ್ರು."

ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರಿನಲ್ಲೇ ಅದು ಮೈ ತಣಿಸಿಕೊಳ್ಳಬೇಕು. ಗಾಳಿಯಾಡದ ಕಬ್ಬಿನೊಳಗೆ, ನೀರಿಲ್ಲದೆ, ನಡು ಮಧ್ಯಾಹ್ನ ಓಡಿಸಿದರೆ ಒಳಗೇ ಬೇಯುತ್ತದೆ. ಇದಕ್ಕೆ ಹೀಟ್ ಸ್ಟ್ರೋಕ್ ಎನ್ನುತ್ತೇವೆ. ಆರೋಗ್ಯವಾದ ನಾಯಿಗೆ ನೂರೊಂದು, ನೂರೆರಡು ಡಿಗ್ರಿ ಇರಬೇಕು. ರಾಜನಿಗೆ ನೂರಾ ಏಳು ಇತ್ತು. ಕೆಂಪಿಗೆ ಪಾದರಸ ಥರ್ಮಾಮೀಟರಿನ ಕೊನೆಯ ಗೆರೆ, ನೂರೆಂಟನ್ನು, ದಾಟಿ ನಿಂತಿತು.

ಹೆಚ್ಚು ಅಪಾಯದಲ್ಲಿರುವುದನ್ನು ಮೊದಲು ನೋಡಬೇಕೆಂದು ಪುಸ್ತಕ ಹೇಳುತ್ತದೆ. ನಾನು ರಾಜನನ್ನು ನೋಡಿದೆ. ಅಧ್ಯಕ್ಷರು ಮೇಜಿನ ಪಕ್ಕದಲ್ಲೇ ನಿಂತಿದ್ದರು, ಮುಂದಿನ ವಾರ ಕಾಲುಬಾಯಿ ರೋಗದ ಲಸಿಕೆ ಅಭಿಯಾನ ಇತ್ತು, ಡೇರಿ ಸಹಕರಿಸದಿದ್ದರೆ ಒಂದು ಹಸುವೂ ಹೊರಗೆ ಬರುತ್ತಿರಲಿಲ್ಲ. ಇವೆಲ್ಲ ಆಗ ತಲೆಯಲ್ಲಿ ಓಡಿದವೋ, ಆಮೇಲೆ ನಾನು ಹುಡುಕಿಕೊಂಡ ನೆಪಗಳೋ ಗೊತ್ತಿಲ್ಲ. ಫ್ರಿಜ್ಜಿನ ಐಸ್ ಪ್ಯಾಕುಗಳನ್ನು ಬಕೆಟ್ಟಿನ ನೀರಿಗೆ ಹಾಕಿ, ಆ ನೀರಿನ ಬಟ್ಟೆಯನ್ನು ರಾಜನ ಹೊಟ್ಟೆಗೆ, ತೊಡೆಸಂದಿಗೆ ಹಾಕಿದೆ. ಬಟ್ಟೆ ಬದಲಿಸಿದವನು ಸಿದ್ದರಾಜು. ಸಲೈನ್ ಹಿಡಿದು ನಿಂತವನೂ ಅವನೇ. ಅವನ ನಾಯಿ ಐದಡಿ ದೂರದಲ್ಲಿ, ಸಿಂಟೆಕ್ಸಿನ ಬಿಸಿನೀರಿನಲ್ಲಿ ನೆನೆಸಿದ ಗೋಣಿಚೀಲದ ಕೆಳಗೆ, ಕಾಲು ಒದರಿಕೊಳ್ಳುತ್ತಿತ್ತು. ರಾಜನ ಮೈಬಿಸಿ ನೂರಾ ಮೂರಕ್ಕೆ ಇಳಿದ ಮೇಲೆ ನಾನು ಆ ಕಡೆ ತಿರುಗಿದೆ. ಹತ್ತು ನಿಮಿಷದಲ್ಲಿ ಕೆಂಪಿ ಸತ್ತಿತು.

ಸಿದ್ದರಾಜು ಅಳಲಿಲ್ಲ. "ಓಗ್ಬುಡ್ತು" ಎಂದಷ್ಟೇ ಹೇಳಿ ಸಲೈನ್ ಬಾಟಲಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ.

ಇನ್ನು ರಿಜಿಸ್ಟರ್. ನಮ್ಮಲ್ಲಿ ಹೊರರೋಗಿಗಳ ದಾಖಲೆ ಪುಸ್ತಕದಲ್ಲಿ 'ಮಾಲೀಕರ ಹೆಸರು' ಎಂಬ ಕಾಲಂ ಇರುತ್ತದೆ. ಹಳ್ಳಿ ಆಸ್ಪತ್ರೆಯಲ್ಲಿ ಹಗ್ಗ ಹಿಡಿದು ಬಂದವರ ಹೆಸರನ್ನೇ ಅಲ್ಲಿ ಬರೆಯುವುದು ರೂಢಿ. ಅತ್ತೆಯ ಎಮ್ಮೆ ಸೊಸೆಯ ಹೆಸರಲ್ಲಿ, ಗೌಡರ ಎತ್ತು ಆಳಿನ ಹೆಸರಲ್ಲಿ. ಯಾರೂ ಕೇಳುವುದಿಲ್ಲ. ಆವತ್ತು ನಾನು ಪೆನ್ನು ತೆಗೆದಾಗ ಒಂದು ಕ್ಷಣ ತಡೆದೆ. ಅಧ್ಯಕ್ಷರು ಹೇಳಿದರು, "ಅವ್ನ ಎಸ್ರಲ್ಲೇ ಬರ್ಕೊಳಿ ಡಾಕ್ಟ್ರೇ, ಕರ್ಕಬಂದೋನು ಅವ್ನೇ ತಾನೆ." ಎರಡೂ ನಾಯಿಗಳನ್ನು ಸಿದ್ದರಾಜುವಿನ ಹೆಸರಿಗೆ ಬರೆದು ಸಹಿ ಹಾಕಿದೆ. ಬೇಟೆಯ ವಿಷಯ ಅರಣ್ಯ ಇಲಾಖೆಗೆ ತಿಳಿಸುವುದು ನನ್ನ ಕರ್ತವ್ಯವಾಗಿತ್ತು. ತಿಳಿಸಲಿಲ್ಲ.

ನಾಲ್ಕನೇ ದಿನ ಅರಣ್ಯ ಇಲಾಖೆಯವರೇ ಬಂದರು. ಅವರ ಮೊಬೈಲಿನಲ್ಲಿ ಒಂದು ವಿಡಿಯೋ. ಕಡಿದ ಗದ್ದೆ, ಬಿದಿರು ಗಳುವಿಗೆ ಕಟ್ಟಿ ನೇತುಹಾಕಿದ ಕಾಡುಬೆಕ್ಕು, ಪಕ್ಕದಲ್ಲಿ ರಾಜನ ಸರಪಳಿ ಹಿಡಿದ ಸಿದ್ದರಾಜು. "ಎತ್ತಿ ಇಡ್ಕೊಳ್ಳಾ, ಮಕ ಕಾಣ್ಲಿ" ಎಂಬ ದನಿ ಅಧ್ಯಕ್ಷರದು. ವಿಡಿಯೋ ತೆಗೆದು ಹೆಮ್ಮೆಯಿಂದ ವಾಟ್ಸಾಪ್ ಗ್ರೂಪಿಗೆ ಹಾಕಿದವರೂ ಅವರೇ, ಹಾಗಾಗಿ ಅವರ ಮುಖ ಅದರಲ್ಲಿ ಇರಲೇ ಇಲ್ಲ.

ಬಂದ ಅಧಿಕಾರಿ ರಿಜಿಸ್ಟರ್ ತೆರೆಸಿ, ಆ ಪುಟದ ಫೋಟೋ ತೆಗೆದುಕೊಂಡರು. "ಮುಧೋಳ ಅಧ್ಯಕ್ಷರದು" ಎಂದೆ.

"ನಂದಲ್ಲ ಅಂತಾರೆ ಮೇಡಂ. ನಿಮ್ಮ ಕೈಬರಹದಲ್ಲೂ ಹಾಗೇ ಇದೆ. ತಪ್ಪಾಗಿದೆ ಅಂತ ಬರೆದುಕೊಡಿ, ಅವರನ್ನೂ ಸೇರಿಸುತ್ತೇನೆ."

ಬರೆದುಕೊಟ್ಟರೆ ಸರ್ಕಾರಿ ದಾಖಲೆಯಲ್ಲಿ ಸುಳ್ಳು ಬರೆದೆ ಎಂದು ನಾನೇ ಒಪ್ಪಿಕೊಂಡಂತೆ. ಎರಡು ವರ್ಷ ಸರ್ವಿಸ್ ಉಳಿದಿರುವಾಗ ಇಲಾಖಾ ವಿಚಾರಣೆ. "ನಾಳೆ ಕೊಡುತ್ತೇನೆ" ಎಂದೆ. ಮರುದಿನ ಲಸಿಕೆ ಅಭಿಯಾನ ಶುರುವಾಯಿತು. ಅಧ್ಯಕ್ಷರು ಶಾಲು ಹೊದ್ದು ಬಂದು ಉದ್ಘಾಟಿಸಿದರು, ನಾನು ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿದೆ. ಅದೇ ದಿನ ಅರಣ್ಯ ಇಲಾಖೆಯವರು ಸಿದ್ದರಾಜುವನ್ನೂ, ಸಾಕ್ಷ್ಯವೆಂದು ರಾಜನನ್ನೂ ಕರೆದುಕೊಂಡು ಹೋದರು.

ಹನ್ನೊಂದು ದಿನ ಅವನು ಒಳಗಿದ್ದ. ಹನ್ನೆರಡನೆಯ ದಿನ, ಅವನಿಗೆ ಜಾಮೀನು ಸಿಕ್ಕ ಮೇಲೆ, ನಾನು ಹೇಳಿಕೆ ಬರೆದುಕೊಟ್ಟೆ. ಅಧಿಕಾರಿ ಓದಿ, ಮಡಚಿ, "ಆವತ್ತೇ ಕೊಟ್ಟಿದ್ದರೆ ಬೇರೆ ಮಾತು" ಎಂದರು. ಅದು ಫೈಲಿನಲ್ಲಿ ಈಗಲೂ ಇರಬಹುದು. ನನ್ನ ಮೇಲೆ ಯಾವ ವಿಚಾರಣೆಯೂ ಆಗಲಿಲ್ಲ. ಯಾವುದಕ್ಕೆ ಅಷ್ಟು ಹೆದರಿದೆನೋ ಅದು ನನ್ನ ಹತ್ತಿರವೂ ಸುಳಿಯಲಿಲ್ಲ, ಹಾಗಾಗಿ ನನ್ನ ಹೇಡಿತನಕ್ಕೆ ಒಂದು ಮರ್ಯಾದಸ್ಥ ಕಾರಣವೂ ಉಳಿಯಲಿಲ್ಲ. ಪೊಲೀಸ್ ವೆರಿಫಿಕೇಶನ್‌ನಲ್ಲಿ ಕೇಸು ಬಾಕಿ ಇದೆ ಎಂದು ಬಂದು, ಅಟೆಂಡರ್ ಕೆಲಸ ಬೇರೆ ಊರಿನವನಿಗೆ ಹೋಯಿತು.

ಮುಂದಿನ ಬೇಸಿಗೆಯಲ್ಲಿ ಸಿದ್ದರಾಜು ಆಸ್ಪತ್ರೆಗೆ ಬಂದ. ಮೈಮೇಲೆ ಅದೇ ಖಾಕಿ ಶರ್ಟು, ತೋಳೆಲ್ಲ ಕಬ್ಬಿನ ಗರಿ ಗೀರಿ ಹರಿದಿತ್ತು. ಕೈಯಲ್ಲಿ ರಾಜನ ಸರಪಳಿ. ಅಧ್ಯಕ್ಷರು ನಾಯಿ ತಮ್ಮದಲ್ಲ ಎಂದು ಬರೆದುಕೊಟ್ಟ ಮೇಲೆ ಕೋರ್ಟು ಅದನ್ನು ಮಾಲೀಕನಿಗೆ ಒಪ್ಪಿಸಿತ್ತು, ಕರೆದಾಗ ಹಾಜರುಪಡಿಸಬೇಕೆಂದು ಬಾಂಡ್ ಬರೆಸಿಕೊಂಡು. ತಾನು ತಿನ್ನುವುದರಲ್ಲೇ ಪಾಲು ಮಾಡಿ ಅವನು ಅದನ್ನು ಸಾಕುತ್ತಿದ್ದ. ರೇಬಿಸ್ ಚುಚ್ಚುಮದ್ದಿಗೆ ತಂದಿದ್ದ. ನಾಯಿ ಮೈಕೈ ತುಂಬಿಕೊಂಡಿತ್ತು.

ಮೂವತ್ತನಾಲ್ಕು ವರ್ಷದ ನೌಕರಿ ನನಗೆ ಕಲಿಸಿದ್ದು ಇಷ್ಟು. ರೋಗಕ್ಕೆ ಔಷಧಿ ತಡವಾದರೆ ಹೇಗೋ, ನಿಜ ತಡವಾದರೂ ಹಾಗೇ. ಆಮೇಲೆ ಎಷ್ಟು ಕೊಟ್ಟರೂ ಮೈಗೆ ಹತ್ತುವುದಿಲ್ಲ. ಆ ಏಪ್ರಿಲ್‌ನ ನಂತರ ನಾನು ಪ್ರತಿ ಪ್ರಾಣಿಗೂ ಮಾಲೀಕರು ಯಾರೆಂದು ಎರಡು ಸಲ ಕೇಳಿ ಬರೆಯುತ್ತಿದ್ದೆ. ಆವತ್ತೂ ಅಭ್ಯಾಸಬಲದಿಂದ, ತಲೆ ಎತ್ತದೆ, ಕೇಳಿಬಿಟ್ಟೆ.

"ಮಾಲೀಕರು ಯಾರು?"

ಸಿದ್ದರಾಜು ನಾಯಿಯ ಕುತ್ತಿಗೆ ಸವರುತ್ತಾ ಮೆಲ್ಲಗೆ ಹೇಳಿದ, "ನಂದೇ ಕಣವ್ವ. ನೀವೇ ಬರ್ಕೊಟ್ರಲ್ಲ."