ಲಕೋಟೆ ಇಲ್ಲದ ಕಾಗದ

ಒಣ ಚಟ್ಲಿ, ಅಂದರೆ ಸಿಗಡಿ, ಹುರಿಯುವ ಘಾಟು ಮೂಗಿಗೆ ಬಡಿದರೆ ಸಾಕು, ಹೊಳೆಬದಿಯ ಅಕ್ಕ ನೆನಪಾಗುತ್ತಾಳೆ. ನಿನ್ನೆ ಪಕ್ಕದ ಮನೆಯಲ್ಲಿ ಚಟ್ನಿಗೆಂದು ಹುರಿಯುತ್ತಿದ್ದರು. ಎದ್ದು ಹೋಗಿ ಕಿಟಕಿ ಮುಚ್ಚಿದೆ. ಸಿಟ್ಟು ಬಂದಿತ್ತು, ಚಟ್ಲಿಯ ಮೇಲಲ್ಲ.

ನಾನು ತಲ್ಲೂರಿನಲ್ಲಿ ಹಿಂದಿ ಟೀಚರಾಗಿದ್ದಾಗ ಅಕ್ಕನದು ನಮ್ಮ ಬಾಡಿಗೆ ಮನೆಯ ಆಚೆಮನೆ. ಬುಟ್ಟಿ ಹೊತ್ತು ಮೀನು ಮಾರುತ್ತಿದ್ದಳು. ಚೌಕಾಸಿಗೆ ಇಳಿದವರನ್ನು, ಅವರು ಯಾರೇ ಇರಲಿ, ಬೈದೇ ಮುಂದೆ ಹೋಗುತ್ತಿದ್ದಳು. ಅವಳ ಬಳಿ ಒಂದು ಕಾಗದವಿತ್ತು. ದೇಶವೇ ಕೈಮುಗಿಯುವ ನಾಯಕರೊಬ್ಬರು ಅವಳ ಅಪ್ಪನಿಗೆ ತಮ್ಮ ಕೈಯಾರೆ ಹಿಂದಿಯಲ್ಲಿ ಬರೆದದ್ದು. ಅಪ್ಪ ದೋಣಿಯವನು. ಸಾರಾಯಿ ಬಿಟ್ಟಿದ್ದೇನೆ, ಜೊತೆಯವರು ಗೇಲಿ ಮಾಡುತ್ತಾರೆ ಎಂದು ಯಾರೋ ಮಾಸ್ತರರ ಕೈಯಲ್ಲಿ ಬರೆಸಿ ಕಳಿಸಿದ್ದನಂತೆ. ಕುಡಿತ ಬಿಟ್ಟದ್ದು ಸಂತೋಷ, ನಗುವವರು ನಗಲಿ, ನೀವು ಹಿಂದೆ ಸರಿಯಬೇಡಿ ಎಂಬ ಅರ್ಥದ ಕೆಲವು ಸಾಲು ಉತ್ತರವಾಗಿ ಬಂದಿತ್ತು.

ವರ್ಷಕ್ಕೊಮ್ಮೆ, ಸಮುದ್ರಪೂಜೆಯ ದಿನ, ಅಕ್ಕ ಮಿಂದು ಮಡಿಯುಟ್ಟು ಆ ಕಾಗದ ಹಿಡಿದು ಬರುತ್ತಿದ್ದಳು.

"ಟೀಚರೆ, ಅಪ್ಪಯ್ಯನ ಕಾಗ್ದ ಒಂದ್ಸಲ ಓದಿ ಹೇಳಿ ಕಾಂಬ."

ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಅವಳಿಗೆ ಎಲ್ಲ ಬಾಯಿಪಾಠ. ನಾನು ಒಂದು ಮಾತು ಹಾರಿಸಿದರೂ ತಡೆದು ಕೇಳುತ್ತಿದ್ದಳು…

ಸ್ವಾತಂತ್ರ್ಯದ ಸುವರ್ಣ ಮಹೋತ್ಸವದ ವರ್ಷ ಊರಿನ ಐಸ್ ಫ್ಯಾಕ್ಟರಿಯ ಸಾಹುಕಾರರು ಸಮಿತಿಯ ಅಧ್ಯಕ್ಷರಾದರು. ಕಾರಿನಲ್ಲಿ ಅಕ್ಕನ ಮನೆಗೇ ಬಂದರು. ಅವಳ ಹುಳು ಕೊರೆದ ಬೆಂಚಿನ ಮೇಲೆ ಕೂತು, ಪ್ರದರ್ಶನಕ್ಕೆ ಇಡುತ್ತೇವೆ, ಹಬ್ಬ ಮುಗಿದ ಕೂಡಲೇ ವಾಪಸು ಎಂದರು. ಲಕೋಟೆ ಇಲ್ಲವಾ ಎಂದೂ ವಿಚಾರಿಸಿದರು.

"ಅದ್ ಅಪ್ಪಯ್ಯನ ಎದಿ ಮೇಲೆ ಇಟ್ಟ್ ಸುಟ್ಟದ್," ಎಂದಳು ಅಕ್ಕ. "ಹೆಸ್ರ್ ಅವ್ರದ್ ಅಲ್ದಾ, ಅವ್ರೊಟ್ಟಿಗೇ ಹೋಯ್ಲಿ ಅಂದೇಳಿ."

ಸತ್ತವರ ಪ್ರೀತಿಯ ವಸ್ತುವನ್ನು ಚಿತೆಗೆ ಹಾಕುವುದು ಅವರ ಮನೆಯ ಪದ್ಧತಿ. ಹೆಸರಿದ್ದದ್ದು ಅಪ್ಪನ ಜೊತೆ ಹೋಯಿತು, ಮಾತು ಮಕ್ಕಳಿಗೆ ಉಳಿಯಿತು. ಸಾಹುಕಾರರು ತಲೆಯಾಡಿಸಿದರು. ಅಕ್ಕ ಕಾಗದವನ್ನು ವೀಳ್ಯದೆಲೆಯ ಮೇಲಿಟ್ಟು ಎರಡೂ ಕೈಯಲ್ಲಿ ಕೊಟ್ಟಳು.

ಹಬ್ಬ ಮುಗಿಯಿತು, ಕಾಗದ ಬರಲಿಲ್ಲ. ಮೀನು ಕೊಡಲು ಹೋದಾಗೆಲ್ಲ ಕೇಳುತ್ತಿದ್ದಳು, ನಾಳೆ ನಾಳೆ ಎನ್ನುತ್ತಿದ್ದರು. ಕೊನೆಗೊಂದು ದಿನ ಅವರ ಚಾವಡಿಯ ಗೋಡೆಯ ಮೇಲೆ ಗಾಜಿನ ಚೌಕಟ್ಟು ಕಾಣಿಸಿತು. ಕೆಳಗೆ ಬಂಗಾರದ ಅಕ್ಷರ: ನಮ್ಮ ಅಜ್ಜಯ್ಯನವರಿಗೆ ಬಂದ ಪತ್ರ.

ಅಕ್ಕ ನನ್ನನ್ನು ಕರೆದುಕೊಂಡು ಹೋದಳು. ಚಾವಡಿಯಲ್ಲಿ ಊರಿನ ನಾಲ್ಕಾರು ಹಿರಿಯರು ಕಾಫಿ ಕುಡಿಯುತ್ತಿದ್ದರು. ಸಾಹುಕಾರರ ಅಜ್ಜ ನಡೆಸುತ್ತಿದ್ದದ್ದು ಸಾರಾಯಿಯ ಗಡಂಗು ಎಂಬುದು ಅವರೆಲ್ಲರಿಗೂ ಗೊತ್ತು. ಅಕ್ಕನ ಅಪ್ಪ ಕುಡಿಯುತ್ತಿದ್ದದ್ದೂ ಅಲ್ಲೇ. ಇದರಲ್ಲಿರುವುದು ಕುಡಿತ ಬಿಟ್ಟವನಿಗೆ ಹೇಳಿದ ಮಾತು ಎಂದು ನಾನು ದೊಡ್ಡದಾಗಿಯೇ ಓದಿ ಹೇಳಿದೆ. ಯಾರೂ ಲೋಟದಿಂದ ಮುಖ ಎತ್ತಲಿಲ್ಲ.

"ಪ್ರಿಯ ಸಹೋದರ ಅಂದೇಳಿ ಇತ್ತ್. ಯಾವ ಸಹೋದರ ಅಂತ ಎಲ್ಲಿತ್ತ್, ಟೀಚರೆ?" ಎಂದರು ಸಾಹುಕಾರರು, ನಗುತ್ತಲೇ. "ಹೆಸ್ರ್ ಇಪ್ಪು ಲಕೋಟೆ ತಕಂಬನ್ನಿ. ಈಗ್ಳೇ ಬಿಚ್ಚಿ ಕೊಡ್ತೆ."

ಊರೆಲ್ಲರ ಬಾಯಿ ಮುಚ್ಚಿಸುತ್ತಿದ್ದ ಅಕ್ಕ ಅವತ್ತು ಸೆರಗು ಹೊದ್ದು ಚಾವಡಿಯಿಂದ ಇಳಿದಳು. ದಾರಿಯಲ್ಲಿ ನನ್ನ ಕೈ ಹಿಡಿದಳು. "ಮುಂಬೈಯಂಗಿಪ್ಪು ಮಗ್ಳಿಗೆ ಹೇಳ್ಬೇಡಿ ಟೀಚರೆ. ಕೈಯಾರೆ ಕೊಟ್ಟೆ ಅಂದ್ರೆ ಅವ್ಳಿಗೆ ಮಕ ತೋರ್ಸುಕ್ ಆತಿಲ್ಲೆ."

ಮುಂದಿನ ಸಮುದ್ರಪೂಜೆಯ ದಿನ ಬರಿಗೈಯಲ್ಲಿ ಬಂದು ಮೆಟ್ಟಿಲ ಮೇಲೆ ಕೂತಳು. "ಬಾಯಂಗೇ ಹೇಳಿ" ಎಂದಳು. ಹೇಳಿದೆ. ನಡುವೆ ಒಂದು ಮಾತು ಮರೆತೆ. ಅವಳು ತಡೆಯಲಿಲ್ಲ…

ಅಕ್ಕ ತೀರಿಕೊಂಡು ಈಗ ವರ್ಷಗಳಾದವು. ಅವಳ ಸಾವಿಗೆ ಸಾಹುಕಾರರು ದೊಡ್ಡ ಹೂವಿನ ಹಾರ ತಂದಿದ್ದರು. ಎಂಥ ಮನುಷ್ಯ ಎಂದು ಊರು ಹೊಗಳಿತು. ಆ ನಾಲ್ಕಾರು ಹಿರಿಯರೂ ಒಬ್ಬೊಬ್ಬರಾಗಿ ಹೋದರು. ನಿಜ ಗೊತ್ತಿದ್ದೂ ಬಾಯಿಬಿಡದೆ ಸತ್ತವರ ಬಗ್ಗೆ ನನಗೆ ಈಗಲೂ ಒಳ್ಳೆಯ ಮಾತು ಬರುವುದಿಲ್ಲ.

ಮೊನ್ನೆ ಮುಂಬೈಯಿಂದ ಅಕ್ಕನ ಮಗಳು ಫೋನ್ ಮಾಡಿದ್ದಳು. ತನ್ನ ಮಕ್ಕಳಿಗೆ ಅಜ್ಜಯ್ಯನ ಕಾಗದದ ಕತೆ ಹೇಳಿದ್ದಾಳಂತೆ.

"ಆ ಕಾಗ್ದ ಈಗ ಎಲ್ಲಿತ್ತ್ ಟೀಚರೆ? ನಾ ಕೇಂಡಾಗೆಲ್ಲ ಅಮ್ಮ ಮಾತ್ ತಪ್ಸ್ತಿದ್ಲ್."

ಊರಲ್ಲೇ ಇದೆ, ದೊಡ್ಡ ಮನೆಯ ಚಾವಡಿಯಲ್ಲಿ ಗಾಜು ಹಾಕಿಸಿ ಇಟ್ಟಿದ್ದಾರೆ, ಬಂದವರೆಲ್ಲ ನಿಂತು ನೋಡುತ್ತಾರೆ ಎಂದೆ. ಅದರಲ್ಲಿ ಒಂದು ಮಾತೂ ಸುಳ್ಳಲ್ಲ.

 ಆ ಕಡೆಯಿಂದ ಅಳುವುದು ಕೇಳಿಸಿತು.

"ಇದ್ ಅಮ್ಮಂಗೆ ಗೊತ್ತಿದ್ದಿದ್ರೆ ಎಷ್ಟ್ ಖುಷಿ ಆತಿತ್ತ್, ಅಲ್ದಾ ಟೀಚರೆ?"